ಪದಚರ್ಚೆ: ‘ಶ್ರೇಯಾಂಕ’ವೋ ‘ತರತಮ’ವೋ?

ಮಾನ್ಯರೇ,

ಹಿಂದಿ ಚಿತ್ರ ನಿರ್ದೇಶಕ ಮಣಿ ಕೌಲ್ ಅವರ ಚಿತ್ರಗಳ ಬಗ್ಗೆ ಲೇಖನವೊಂದನ್ನು ಬರೆಯುತ್ತಿರುವಾಗ ಎದುರಾದ ಪ್ರಶ್ನೆಯನ್ನು ಬಲ್ಲವರ ಮುಂದಿಡುತ್ತಿದ್ದೇನೆ. ಒಬ್ಬ ನಿರ್ದೇಶಕರ ಕೃತಿಗಳಲ್ಲಿ ಯಾವುದು ಮೇಲು, ಯಾವುದು ಅದರ ನಂತರದ್ದು ಎಂದು ವಾದಿಸಿ ಸಾಲಾಗಿ ನಿಲ್ಲಿಸುವ ಕೆಲಸವನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ಕ್ರೀಡಾಪುಟಗಳಲ್ಲಿ ಬಳಕೆಯಲ್ಲಿರುವ ‘ಶ್ರೇಯಾಂಕ’ ಈಗ ಸಿನಿಮಾ ಬರಹಗಳಿಗೂ ಬಂದಿದೆ. ಆದರೆ ಈ ಕೆಲಸಕ್ಕೆ ‘ತರತಮ’ವೇ ತಕ್ಕ ಪದವೆಂಬುದು ನನ್ನ ಅಭಿಪ್ರಾಯ.

ಟೆನಿಸ್ ಆಟಗಾರರ ಶ್ರೇಯಾಂಕಕ್ಕೆ ಎಲ್ಲರೂ ಒಪ್ಪಿದ ಒಂದೇ ಅಳತೆಯ ಆಧಾರವಿರುತ್ತದೆ. ಗೆಲುವು ಸೋಲುಗಳ ಲೆಕ್ಕ ಮುಗಿದ ಮೇಲೆ ಅಂಕಿಯ ಬಗ್ಗೆ ವಾದ ಉಳಿಯುವುದಿಲ್ಲ. ಕೌಲ್ ಅವರ ಚಿತ್ರಗಳಿಗೆ ಅಂಥ ಸಮಾನ ಅಳತೆ ಸಿಗುವುದಿಲ್ಲ. ಹಿಂದಿ ಲೇಖಕ ಮೋಹನ್ ರಾಕೇಶ್ ಅವರ ಕಥೆಯನ್ನು ಆಧರಿಸಿದ ‘ಉಸ್ಕಿ ರೋಟಿ’ಯಲ್ಲಿ (1970) ಬಸ್ ಚಾಲಕನಾದ ಗಂಡನಿಗೆ ಬುತ್ತಿ ಕೊಡಲು ಬಾಲೋ ರಸ್ತೆಬದಿಯಲ್ಲಿ ಕಾಯುತ್ತಾಳೆ. ನಿರ್ದೇಶಕರು ಇಲ್ಲಿ 28 ಮಿ.ಮೀ. (ವಿಶಾಲ ನೋಟದ) ಮತ್ತು 135 ಮಿ.ಮೀ. (ದೂರದ್ದನ್ನು ಹತ್ತಿರ ತರುವ) ಕ್ಯಾಮೆರಾ ಮಸೂರಗಳನ್ನು ಮಾತ್ರ ಬಳಸಿ, ಒಂದನ್ನು ಅವಳ ಹೊರಗಿನ ಬದುಕಿಗೂ ಇನ್ನೊಂದನ್ನು ಮನಸ್ಸಿನೊಳಗಿನದಕ್ಕೂ ಮೀಸಲಿಟ್ಟು, ಚಿತ್ರ ಸಾಗಿದಂತೆ ಆ ಹಂಚಿಕೆಯನ್ನೇ ಅದಲುಬದಲು ಮಾಡುತ್ತಾರೆ. ಹೀಗಾಗಿ ಕಣ್ಣೆದುರಿನ ರಸ್ತೆ ನಿಜವಾಗಿ ಇರುವುದೋ ಅವಳು ನೆನೆದದ್ದೋ ಎಂಬುದು ನೋಡುಗರಿಗೆ ಖಚಿತವಾಗುವುದಿಲ್ಲ. ರಾಜಸ್ಥಾನಿ ಲೇಖಕ ವಿಜಯದಾನ್ ದೇಥಾ ಅವರ ಕಥೆಯಿಂದ ಬಂದ ‘ದುವಿಧಾ’ದಲ್ಲಿ (1973) ಇಂಥ ಅನಿಶ್ಚಿತತೆಯ ಭಾರವನ್ನು ಬಣ್ಣ ಮತ್ತು ನಿರೂಪಕನ ಧ್ವನಿ ಹೊರುತ್ತವೆ. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ನವ್ರೋಜ್ ಕಂಟ್ರಾಕ್ಟರ್ ಅದರ ಛಾಯಾಗ್ರಾಹಕರು. ಬಿಳಿ ಗೋಡೆಯ ಮುಂದೆ ಕೆಂಪು ಉಡುಗೆಯ ವಧು ನಿಂತಿರುವ ಚೌಕಟ್ಟುಗಳಲ್ಲಿ ಕಥೆ ನಿಂತೇಬಿಟ್ಟಂತೆ ತೋರುತ್ತದೆ. ಇವೆರಡರಲ್ಲಿ ಯಾವುದಕ್ಕೆ ಒಂದು, ಯಾವುದಕ್ಕೆ ಎರಡು ಎಂದು ಅಂಕಿ ಹಚ್ಚುವುದು? ‘ದುವಿಧಾ’ ಕಥನದಲ್ಲಿ ಮೇಲು, ‘ಉಸ್ಕಿ ರೋಟಿ’ ಕಾಲವನ್ನು ದುಡಿಸಿಕೊಂಡ ಬಗೆಯಲ್ಲಿ ಮೇಲು ಎಂದು ನಾನು ವಾದಿಸಬಲ್ಲೆ. ಆ ವಾದದಲ್ಲಿರುವುದು ಒಂದಕ್ಕಿಂತ ಇನ್ನೊಂದು ಎಂಬ ಸಂಬಂಧ. ಅದನ್ನು ಅಂಕಿ ಹೇಳಲಾರದು.

‘ತರತಮ’ ಆ ಸಂಬಂಧವನ್ನೇ ಹೇಳುತ್ತದೆ. ‘ಉಚ್ಚತರ’, ‘ಉಚ್ಚತಮ’ಗಳಲ್ಲಿ ಕಾಣುವ ಎರಡು ಸಂಸ್ಕೃತ ಪ್ರತ್ಯಯಗಳು ಕೂಡಿ ಆದ ಪದವಿದು, ‘ತಾರತಮ್ಯ’ ಅದರ ಭಾವನಾಮ. ನಮ್ಮ ಸಾಹಿತ್ಯ ವಿಮರ್ಶೆಯಲ್ಲಿ ‘ತರತಮ ವಿವೇಚನೆ’ ಎಂಬ ಪ್ರಯೋಗ ಚೆನ್ನಾಗಿಯೇ ನೆಲೆಯೂರಿದೆ. ತೊಡಕಿರುವುದು ‘ತಾರತಮ್ಯ’ದಲ್ಲಿ. ದ್ವೈತ ವೇದಾಂತದಲ್ಲಿ ಅದು ಜೀವರ ಮತ್ತು ದೇವತೆಗಳ ಶ್ರೇಣಿಯನ್ನು ಸೂಚಿಸುವ ಪಾರಿಭಾಷಿಕ ಪದ; ಜಗನ್ನಾಥದಾಸರ ‘ಹರಿಕಥಾಮೃತಸಾರ’ದಲ್ಲಿ ಆ ಹೆಸರಿನ ಸಂಧಿಗಳೇ ಇವೆ. ಇಂದಿನ ಬಳಕೆಯಲ್ಲಾದರೋ ‘ಲಿಂಗ ತಾರತಮ್ಯ’, ‘ವೇತನ ತಾರತಮ್ಯ’ ಎಂದು ಅನ್ಯಾಯವನ್ನೇ ಹೇಳುತ್ತದೆ. ‘ಮಣಿ ಕೌಲ್ ಚಿತ್ರಗಳ ತಾರತಮ್ಯ’ ಎಂದು ಬರೆದರೆ ಯಾರೋ ಅವುಗಳಿಗೆ ಪಕ್ಷಪಾತ ಮಾಡಿದರೆಂದು ಓದುಗರು ತಿಳಿದಾರು. ‘ಮೇಲುಕೀಳು’ ಅಚ್ಚಗನ್ನಡವಾದರೂ ಜಾತಿಯ ನೋವನ್ನು ಹೊತ್ತ ಪದ. ಅದನ್ನು ಇಲ್ಲಿಗೆ ಎಳೆದು ತರಲು ನನಗೆ ಮನಸ್ಸಿಲ್ಲ.

ಇದರ ಜೊತೆಗೇ ಇನ್ನೊಂದು ಸಣ್ಣ ಪ್ರಶ್ನೆ. ಕೌಲ್ ಅವರಂಥವರನ್ನು ‘ಪ್ರಾಯೋಗಿಕ ನಿರ್ದೇಶಕ’ ಎನ್ನುವುದನ್ನು ಅಲ್ಲಲ್ಲಿ ನೋಡುತ್ತೇನೆ. ವಿಜ್ಞಾನ ವಿದ್ಯಾರ್ಥಿಗಳ ‘ಪ್ರಾಯೋಗಿಕ ಪರೀಕ್ಷೆ’ಯಿಂದಾಗಿ, ‘ಪ್ರಾಯೋಗಿಕವಾಗಿ ಜಾರಿಗೊಳಿಸಲಾಗಿದೆ’ ಎಂಬ ಸರ್ಕಾರಿ ಭಾಷೆಯಿಂದಾಗಿ, ಆ ಪದಕ್ಕೆ ಬೇರೆ ಅರ್ಥಗಳು ಅಂಟಿಕೊಂಡಿವೆ. ‘ಪ್ರಯೋಗಶೀಲ’ ಎಂದರೆ ಸ್ವಭಾವವೇ ಪ್ರಯೋಗ ಎಂಬ ಅರ್ಥ ನೇರವಾಗಿ ಬರುತ್ತದೆಯಾದ್ದರಿಂದ ನಾನು ಅದನ್ನೇ ಉಳಿಸಿಕೊಂಡಿದ್ದೇನೆ.

ಲೇಖನದಲ್ಲಿ ನಾನು ಕೌಲ್ ಅವರದೇ ‘ಸಿದ್ಧೇಶ್ವರಿ’ಯನ್ನು (1989) ಉಳಿದೆರಡಕ್ಕಿಂತ ಮೇಲಿಟ್ಟಿದ್ದೇನೆ. ಹಿಂದೂಸ್ತಾನಿ ಸಂಗೀತದ ಠುಮ್ರಿ ಪ್ರಕಾರದ ಗಾಯಕಿಯ ಪಾತ್ರ ವಹಿಸಿದ ಮೀತಾ ವಶಿಷ್ಠ್, ಕೊನೆಯಲ್ಲಿ ಪರದೆಯ ಮೇಲೆ ನಿಜವಾದ ಸಿದ್ಧೇಶ್ವರಿ ದೇವಿ ಹಾಡುವುದನ್ನು ನೋಡುತ್ತಾ ಕೂರುವ ಭಾಗವೇ ಅದಕ್ಕೆ ನನ್ನ ಮುಖ್ಯ ಕಾರಣ. ಈ ನಿರ್ಣಯವನ್ನು ಒಪ್ಪದವರು ಧಾರಾಳವಾಗಿ ವಾದಿಸಬಹುದು. ನನಗೆ ತುರ್ತಾಗಿ ಬೇಕಿರುವುದು ಶೀರ್ಷಿಕೆ: ‘ಮಣಿ ಕೌಲ್ ಚಿತ್ರಗಳು: ಒಂದು ತರತಮ ವಿವೇಚನೆ’ ಎಂದಿಟ್ಟರೆ ಇಂದಿನ ಕಾಲೇಜು ವಿದ್ಯಾರ್ಥಿಗಳಿಗೆ ಅರ್ಥವಾದೀತೇ? ‘ತರತಮ’ವನ್ನು ಆಡುಮಾತಿನಲ್ಲಿ ಈಗಲೂ ಬಳಸುವ ಊರು, ಮನೆತನಗಳಿದ್ದರೆ ಅಲ್ಲಿ ಯಾವ ಅರ್ಥದಲ್ಲಿ ಬಳಸುತ್ತಾರೆಂಬುದನ್ನು ವಾಕ್ಯಸಹಿತ ತಿಳಿಸಬೇಕಾಗಿ ಕೋರುತ್ತೇನೆ.