ಹಳೆಯ ಕಾರಿನ ಇಸಿಎಂ ಹೋಗಿದೆ ಎನ್ನುತ್ತಾರೆ, ಬದಲಾಯಿಸಲೇ?

ಪ್ರಶ್ನೆ, ತೀರ್ಥಹಳ್ಳಿಯಿಂದ

ಅಪ್ಪ ಕೊಂಡ 2005ರ ಆಲ್ಟೊ ನಮ್ಮದು. ಇಷ್ಟು ವರ್ಷ ತಕರಾರಿಲ್ಲದೆ ಓಡಿದೆ. ಈಗ ಎರಡು ತಿಂಗಳಿಂದ ಒಂದು ಕಾಟ ಶುರುವಾಗಿದೆ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಮೂವತ್ತು ನಲವತ್ತು ಕಿಲೋಮೀಟರ್ ಓಡಿದ ಮೇಲೆ ಮಿಸುಕದೆ ನಿಂತುಬಿಡುತ್ತದೆ. ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಕಳೆದ ವಾರ ಅಮ್ಮನನ್ನು ಉಡುಪಿಯಲ್ಲಿ ಡಾಕ್ಟರಿಗೆ ತೋರಿಸಿಕೊಂಡು ಬರುವಾಗ ಆಗುಂಬೆ ಘಾಟಿಯ ಏಳನೇ ತಿರುವಿನಲ್ಲಿ ನಿಂತಿತು. ಹಿಂದೆ ಎರಡು ಬಸ್ಸು, ಮುಂದೆ ಮಂಜು. ಮೆಕ್ಯಾನಿಕ್ ಪ್ಲಗ್ ಬದಲಿಸಿದರು, ಪೆಟ್ರೋಲ್ ಫಿಲ್ಟರ್ ಬದಲಿಸಿದರು, ಕೊನೆಗೆ "ಇಸಿಎಂ ಹೋಗಿದೆ" ಎಂದರು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ. ಹೊಸದಕ್ಕೆ 22,000 ರೂಪಾಯಿ ಹೇಳುತ್ತಾರೆ, ಗುಜರಿಯಲ್ಲಿ 4,500ಕ್ಕೆ ಒಂದು ಸಿಗುತ್ತದಂತೆ. ಇದನ್ನು ಬದಲಾಯಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ದಾವಣಗೆರೆಯಿಂದ

ನಾನು ಬದಲಾಯಿಸಿದ್ದೇನೆ. ಒಂದಲ್ಲ, ಎರಡು ಸಲ. ಎರಡನೆಯದಕ್ಕೆ ಕಾರಣ ನನ್ನ ಅವಸರ.

ನನ್ನ 2003ರ ಕಾರಿನಲ್ಲಿ ಎರಡು ಸಿಲಿಂಡರಿಗೆ ಕಿಡಿ ಬರುತ್ತಿರಲಿಲ್ಲ. ಪ್ಲಗ್ಗಿಗೆ ಕಿಡಿ ಒದಗಿಸುವ ಕಾಯಿಲ್‌ವರೆಗೆ ಕರೆಂಟ್ ಬರುತ್ತಿತ್ತು. ಆದರೆ ಕಾಯಿಲನ್ನು ಹೊತ್ತಿಸಿ ಆರಿಸುವ ಟ್ರಾನ್ಸಿಸ್ಟರ್ ಇಸಿಎಂ ಒಳಗೇ ಇತ್ತು, ಅದು ಸುಟ್ಟಿತ್ತು. ಗುಜರಿಯಿಂದ ತಂದ ಪೆಟ್ಟಿಗೆಯನ್ನು ಹಾಕಿದೆವು. ಗಾಡಿ ಗುಂಡಿನಂತೆ ಹೊರಟಿತು, ನಾನು ಮೆಕ್ಯಾನಿಕ್‌ಗೆ ಬೆಣ್ಣೆ ದೋಸೆ ಕೊಡಿಸಿದೆ. ಒಂಬತ್ತನೇ ದಿನ ಮತ್ತೆ ಅದೇ ಎರಡು ಸಿಲಿಂಡರು ಸತ್ತವು. ಆಮೇಲೆ ಒಬ್ಬ ಹಿರಿಯ ಆಟೊ ಎಲೆಕ್ಟ್ರಿಷಿಯನ್ ಕಾಯಿಲನ್ನು ಬಿಚ್ಚಿ ಮೀಟರ್ ಹಿಡಿದು ತೋರಿಸಿದರು: ಒಳಸುತ್ತು ಅರ್ಧ ಶಾರ್ಟ್ ಆಗಿತ್ತು. ಮಿತಿ ಮೀರಿ ಕರೆಂಟ್ ಎಳೆದು ಮೊದಲ ಇಸಿಎಂ ಸುಟ್ಟದ್ದೂ ಅದೇ, ಎರಡನೆಯದನ್ನು ಸುಟ್ಟದ್ದೂ ಅದೇ. ಕೊಲೆಗಾರನನ್ನು ಮನೆಯಲ್ಲೇ ಇಟ್ಟುಕೊಂಡು ಹೊಸ ಅಳಿಯನನ್ನು ಕರೆತಂದ ಹಾಗಾಯಿತು.

ಇಸಿಎಂ ತಾನಾಗಿ ಸಾಯುವುದು ಕಡಿಮೆ. ಶಾರ್ಟ್ ಆದ ಕಾಯಿಲ್, ಸೋರಿದ ನೀರು, ಜಂಪ್ ಸ್ಟಾರ್ಟ್ ಮಾಡುವಾಗ ಅದಲು ಬದಲಾದ ಪ್ಲಸ್ ಮೈನಸ್, ಬ್ಯಾಟರಿ ಬಿಚ್ಚದೆ ಮಾಡಿದ ವೆಲ್ಡಿಂಗ್, ಇಲ್ಲವೇ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹದ ತಪ್ಪಿದ್ದು, ಇವುಗಳಲ್ಲಿ ಒಂದು ಸಾಮಾನ್ಯವಾಗಿ ಇರುತ್ತದೆ. ಇತ್ತೀಚೆಗೆ ಟಿಂಕರಿಂಗ್ ಮಾಡಿಸಿದ್ದೀರಾ? ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ ಮೀಟರ್ ಹಿಡಿದರೆ ಹದಿಮೂರೂವರೆಯಿಂದ ಹದಿನಾಲ್ಕೂವರೆ ವೋಲ್ಟ್ ತೋರಿಸಬೇಕು. ಹದಿನೈದು ದಾಟಿದರೆ ಮೊದಲು ಆಲ್ಟರ್ನೇಟರ್ ಬಿಚ್ಚಿಸಿ, ಇಸಿಎಂ ಸುದ್ದಿ ಆಮೇಲೆ.

ಇನ್ನೊಂದು ಮಾತು. ನಿಮ್ಮ ಗಾಡಿ ತಣ್ಣಗಾದ ಮೇಲೆ ತಾನೇ ಸರಿಹೋಗುತ್ತದೆ ಎಂದಿರಿ. ಸುಟ್ಟ ಟ್ರಾನ್ಸಿಸ್ಟರ್ ಹಾಗೆ ಸರಿಹೋಗುವುದಿಲ್ಲ. ಬಿಸಿಗೆ ಬಿಟ್ಟುಕೊಂಡು ತಣ್ಣಗಾದಾಗ ಕೂಡಿಕೊಳ್ಳುವ ಬೆಸುಗೆ ಎಲ್ಲೋ ಇರಬಹುದು. ಅದು ಇಸಿಎಂ ಒಳಗೇ ಇರಬೇಕೆಂದೇನೂ ಇಲ್ಲ.

ಬೆಂಗಳೂರಿನಿಂದ

ಹನ್ನೊಂದು ವರ್ಷಗಳಿಂದ ಇಸಿಎಂ ರಿಪೇರಿಯೇ ನನ್ನ ಹೊಟ್ಟೆಪಾಡು. ನನ್ನ ಮೇಜಿಗೆ ಬರುವ ಪೆಟ್ಟಿಗೆಗಳಲ್ಲಿ ಎಷ್ಟೋ ಕೆಟ್ಟಿರುವುದೇ ಇಲ್ಲ. ಹಾಗೆ ಹೇಳಿದರೆ ನನ್ನ ವ್ಯಾಪಾರಕ್ಕೆ ನಷ್ಟ, ಆದರೂ ಹೇಳುತ್ತೇನೆ.

ಗಾಡಿ ನಿಂತಾಗ, ತಣ್ಣಗಾಗಲು ಬಿಡದೆ, ಕೂತಲ್ಲಿಂದಲೇ ಎರಡು ಸಂಗತಿ ನೋಡಿ. ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಮೀಟರ್ ಬೋರ್ಡಿನಲ್ಲಿ ಎಂಜಿನ್ ಚಿತ್ರದ ದೀಪ ಹೊತ್ತುತ್ತದೆಯೇ? ಹಿಂದಿನ ಸೀಟಿನ ಕಡೆಯಿಂದ ಪೆಟ್ರೋಲ್ ಪಂಪ್ ಎರಡು ಸೆಕೆಂಡು ಗುಂಯ್ ಎನ್ನುತ್ತದೆಯೇ? ಎರಡೂ ಇದ್ದರೆ ಇಸಿಎಂ ಎಚ್ಚರವಾಗಿದೆ. ಆಗ ಕಿಡಿ, ಕಾಯಿಲ್, ಎಂಜಿನ್ ತಿರುಗುವುದನ್ನು ಇಸಿಎಂಗೆ ತಿಳಿಸುವ ಕ್ರ್ಯಾಂಕ್ ಅಥವಾ ಕ್ಯಾಮ್ ಸೆನ್ಸರ್ ಕಡೆ ಹೋಗಿ. ಎರಡೂ ಇಲ್ಲದಿದ್ದರೆ ಇಸಿಎಂ ಸತ್ತಿದೆ, ಇಲ್ಲವೇ ಅದಕ್ಕೆ ಊಟ ಹೋಗುತ್ತಿಲ್ಲ. ಊಟ ಎಂದರೆ ಫ್ಯೂಸ್, ಇಸಿಎಂಗೆ ಕರೆಂಟ್ ಬಿಡುವ ಸ್ವಿಚ್ಚಾದ ಮೇನ್ ರಿಲೇ, ಅರ್ಥ್ ತಂತಿ. ಅರ್ಥ್ ಪರೀಕ್ಷೆಗೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಇಸಿಎಂ ಸಾಕೆಟ್ಟಿನ ಅರ್ಥ್ ಪಿನ್ನಿಗೆ ಹಿಡಿದು ಸೆಲ್ಫ್ ಹೊಡೆಸಿ. ವೋಲ್ಟಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ತೋರಿಸಿದರೆ ಅರ್ಥ್ ಬೋಲ್ಟಿಗೆ ತುಕ್ಕು ಹಿಡಿದಿದೆ ಎಂದು ತಿಳಿಯಿರಿ.

ಸೆನ್ಸರುಗಳಿಗೆ ಇಸಿಎಂ ಐದು ವೋಲ್ಟ್ ಕಳಿಸುತ್ತದೆ. ಆ ಐದು ವೋಲ್ಟ್ ಕಾಣದಿದ್ದರೆ ಎಲ್ಲರೂ ಪೆಟ್ಟಿಗೆಯನ್ನೇ ದೂರುತ್ತಾರೆ. ಥ್ರಾಟಲ್ ಸೆನ್ಸರ್, ಎಂಜಿನ್ ಎಳೆಯುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಹೀಗೆ ಒಂದೊಂದರ ಕನೆಕ್ಟರ್ ಬಿಚ್ಚುತ್ತಾ ಬನ್ನಿ. ಯಾವುದನ್ನು ಬಿಚ್ಚಿದಾಗ ಐದು ವೋಲ್ಟ್ ಮರಳಿ ಬಂತೋ ಅದೇ ಕಳ್ಳ. ಒಂದು ಸೆನ್ಸರ್ ಒಳಗೆ ಶಾರ್ಟ್ ಆದರೆ ಇಡೀ ಸಾಲನ್ನೇ ಕೆಳಗೆ ಎಳೆಯುತ್ತದೆ.

ಮೊಬೈಲಿಗೆ ಜೋಡಿಸುವ ಅಗ್ಗದ ಸ್ಕ್ಯಾನರನ್ನು 2005ರ ಗಾಡಿಗೆ ನಂಬಬೇಡಿ. ಗಾಡಿ ತನ್ನ ದೋಷ ತಾನೇ ಗುರುತಿಸುವ ವ್ಯವಸ್ಥೆಯಾದ ಒಬಿಡಿಯ ಎರಡನೇ ಹಂತ ನಮ್ಮಲ್ಲಿ ಬಿಎಸ್-4 ಹೊಗೆ ನಿಯಮದ ಗಾಡಿಗಳಿಗೆ ಬಂದದ್ದು 2013ರಲ್ಲಿ. ಅದಕ್ಕಿಂತ ಹಳೆಯ ಗಾಡಿಗಳಿಗೆ ಆಯಾ ಕಂಪನಿಯ ಭಾಷೆ ಬಲ್ಲ ಸ್ಕ್ಯಾನರೇ ಬೇಕಾಗಬಹುದು.

ಇಷ್ಟೆಲ್ಲ ಆದ ಮೇಲೂ ಇಸಿಎಂ ಮೇಲೆಯೇ ಅನುಮಾನ ಉಳಿದರೆ, ಕೊಳ್ಳುವ ಮೊದಲು ರಿಪೇರಿಯವರಿಗೆ ತೋರಿಸಿ. ಬೋರ್ಡನ್ನು ಕೂದಲು ಒಣಗಿಸುವ ಯಂತ್ರದಿಂದ ಬಿಸಿ ಮಾಡಿ ದೋಷ ಬರಿಸಿ ನೋಡುವವರು ಸರಿಯಾದವರು. "ಬಿಟ್ಟು ಹೋಗಿ, ನಾಳೆ ಬನ್ನಿ" ಎಂದಷ್ಟೇ ಹೇಳುವವರಲ್ಲಿ ನಾನಾದರೂ ಕೊಡುವುದಿಲ್ಲ. ಬಿಚ್ಚುವಾಗ ಬ್ಯಾಟರಿಯ ಮೈನಸ್ ತೆಗೆದಿರಬೇಕು, ಪಿನ್ನುಗಳನ್ನು ಬೆರಳಿನಿಂದ ಮುಟ್ಟಬಾರದು.

ಮೈಸೂರಿನಿಂದ

ಗುಜರಿ ಪೆಟ್ಟಿಗೆ ಕೊಳ್ಳುವುದೇ ಆದರೆ ಲೇಬಲ್ಲಿನ ನಂಬರನ್ನು ಕೊನೆಯ ಅಂಕಿಯವರೆಗೂ ಹೋಲಿಸಿ. "ಅದೇ ಗಾಡಿದು ಸರ್" ಎಂಬ ಮಾತಿಗೆ ಬೆಲೆ ಇಲ್ಲ. ಒಂದೇ ಮಾದರಿಯಲ್ಲಿ ಎಸಿ ಇರುವುದು, ಇಲ್ಲದಿರುವುದು, ಹೊಗೆಯ ಹಂತ ಬೇರೆಯಾದದ್ದು, ಒಂದೊಂದಕ್ಕೂ ಪೆಟ್ಟಿಗೆ ಬೇರೆ ಇರಬಹುದು.

ನಾನು ಸಿಕ್ಕಿಕೊಂಡದ್ದು ಕೀಯಲ್ಲಿ. ನನ್ನ 2008ರ ಕಾರಿನ ಕೀ ತಲೆಯೊಳಗೆ ಕಳ್ಳತನ ತಡೆಯುವ, ಅಕ್ಕಿ ಕಾಳಿನಷ್ಟು ಚಿಪ್ ಇದೆ. ಅದರ ಗುಟ್ಟು ಗೊತ್ತಿರುವುದು ಹಳೆಯ ಇಸಿಎಂಗೆ ಮಾತ್ರ. ಗುಜರಿಯಿಂದ ತಂದದ್ದನ್ನು ಹಾಕಿದಾಗ ಎಂಜಿನ್ ಎರಡು ಸೆಕೆಂಡು ಓಡಿ ನಿಂತಿತು, ಕೀ ಚಿತ್ರದ ದೀಪ ಮಿನುಗುತ್ತಾ ಕೂತಿತು. ಕೊನೆಗೆ ಒಬ್ಬರು ನನ್ನ ಹಳೆಯ ಬೋರ್ಡಿನಿಂದ ಎಂಟು ಕಾಲಿನ ಪುಟ್ಟ ಮೆಮೊರಿ ಚಿಪ್‌ನ ಮಾಹಿತಿಯನ್ನು ಓದಿ ಇದಕ್ಕೆ ಬರೆದುಕೊಟ್ಟರು. ಆದ್ದರಿಂದ ಹಳೆಯ ಪೆಟ್ಟಿಗೆಯನ್ನು ಬದಲಿಗೆ ಕೊಟ್ಟು ಹಣ ಉಳಿಸಲು ಹೋಗಬೇಡಿ. ಅದು ಸತ್ತಿದ್ದರೂ ಅದರ ನೆನಪು ಬೇಕಾಗುತ್ತದೆ. ನಿಮ್ಮದರಲ್ಲಿ ಚಿಪ್ ಇಲ್ಲದ ಸಾದಾ ಕೀ ಆಗಿದ್ದರೆ ಈ ತಲೆನೋವಿಲ್ಲ.

ಆಕ್ಲೆಂಡ್‌ನಿಂದ

ಇಲ್ಲಿ ಜಪಾನಿನಿಂದ ಬಂದ ಹಳೆಯ ಗಾಡಿಗಳು ಬಹಳ. ನನ್ನದು 1993ರದ್ದು. ಇಸಿಎಂ ಮುಚ್ಚಳ ತೆಗೆದ ಕೂಡಲೇ ಒಣಮೀನಿನ ವಾಸನೆ ಬಂತು. ನಾನು ಕಾರವಾರದವನು, ವಾಸನೆಯ ಗುರುತು ತಪ್ಪುವುದಿಲ್ಲ! ಸಿಲಿಂಡರಿನಂತಿರುವ ಎಲೆಕ್ಟ್ರೋಲೈಟಿಕ್ ಕೆಪಾಸಿಟರುಗಳು ವಯಸ್ಸಾಗಿ ಸೋರಿದ್ದವು. ಆ ರಸ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ನಾಲ್ಕು ಕೆಪಾಸಿಟರ್ ಬದಲಿಸಿ, ತಿಂದುಹೋದ ಒಂದು ಗೆರೆಗೆ ಕೂದಲೆಳೆಯಷ್ಟು ತಂತಿ ಬೆಸೆದೆ. ನಾಲ್ಕು ವರ್ಷವಾಯಿತು, ಓಡುತ್ತಿದೆ. ಆ ಕಾಲದ ಗಾಡಿ ಇರುವವರು ಕೆಡುವ ಮೊದಲೇ ಮುಚ್ಚಳ ತೆಗೆದು ಮೂಸಿ ನೋಡಿ.

ಶಿರಸಿಯಿಂದ

ಮಲೆನಾಡಿನವರು ಕಾಲಡಿಯ ಕಾರ್ಪೆಟ್ ಎತ್ತಿ ಮುಟ್ಟಿ ನೋಡಿ. ಮುಂದಿನ ಗಾಜಿನ ರಬ್ಬರಿನಿಂದ ಇಳಿದ ನೀರು ನಮ್ಮ ಗಾಡಿಯ ಇಸಿಎಂ ಸಾಕೆಟ್ಟಿಗೆ ಹೋಗಿ ಪಿನ್ನುಗಳು ಹಸಿರಾಗಿದ್ದವು. ಗಾಜು ಮತ್ತೆ ಕೂರಿಸುವವರೆಗೆ ಏನು ಬದಲಿಸಿದರೂ ಪ್ರಯೋಜನ ಆಗಲಿಲ್ಲ.

ಕೇಳಿದವರು, ತೀರ್ಥಹಳ್ಳಿಯಿಂದ, ಹತ್ತು ದಿನಗಳ ನಂತರ

ಎಲ್ಲರಿಗೂ ನಮಸ್ಕಾರ. ಒಂದು ತಪ್ಪೊಪ್ಪಿಗೆ ಇದೆ. ನಿಮ್ಮ ಉತ್ತರಗಳನ್ನು ಓದುವ ಹೊತ್ತಿಗೆ 4,500 ಕೊಟ್ಟು ಗುಜರಿ ಪೆಟ್ಟಿಗೆ ಹಾಕಿಸಿಯಾಗಿತ್ತು. ನಂಬರ್ ಹೊಂದಿತ್ತು, ಕೀ ಸಾದಾ, ಗಾಡಿ ಸ್ಟಾರ್ಟ್ ಆಯಿತು. ಭಾನುವಾರ ಪರೀಕ್ಷೆಗೆಂದು ಘಾಟಿ ಇಳಿದು ಸೋಮೇಶ್ವರದಲ್ಲಿ ಚಹಾ ಕುಡಿದು ಹತ್ತಿದೆ. ಒಂಬತ್ತನೇ ತಿರುವಿನಲ್ಲಿ ನಿಂತಿತು.

ಬೆಂಗಳೂರಿನವರು ಹೇಳಿದಂತೆ ಕೂತಲ್ಲಿಂದಲೇ ಕೀ ಆನ್ ಮಾಡಿದೆ. ಆಯಿಲ್ ದೀಪ ಇತ್ತು, ಬ್ಯಾಟರಿ ದೀಪ ಇತ್ತು, ಎಂಜಿನ್ ದೀಪ ಇರಲಿಲ್ಲ. ಪಂಪಿನ ಸದ್ದೂ ಇಲ್ಲ. ಫ್ಯೂಸ್ ಸರಿಯಿತ್ತು. ಮೇನ್ ರಿಲೇ ಮುಟ್ಟಿದರೆ ಆಗಷ್ಟೇ ಬೇಯಿಸಿದ ಮೊಟ್ಟೆಯಂತಿತ್ತು. ಅದೇ ನಮೂನೆಯ ಇನ್ನೊಂದು ರಿಲೇಯನ್ನು ಮೆಕ್ಯಾನಿಕ್ ಹೊರಡುವಾಗಲೇ ಜೇಬಿಗೆ ಹಾಕಿ ಕಳಿಸಿದ್ದರು. ಕಿತ್ತು ಅದನ್ನು ಚುಚ್ಚಿದ ಕೂಡಲೇ ದೀಪ ಹೊತ್ತಿತು, ಪಂಪ್ ಗುಂಯ್ ಎಂದಿತು, ಒಂದೇ ಸೆಲ್ಫ್. ಮನೆಗೆ ಬಂದು ಹಳೆಯ ರಿಲೇಯ ಮುಚ್ಚಳ ಬಿಡಿಸಿ ಭೂತಗನ್ನಡಿಯಲ್ಲಿ ನೋಡಿದರೆ ಒಂದು ಕಾಲಿನ ಸುತ್ತ ಬೆಸುಗೆಯಲ್ಲಿ ಉಂಗುರದಂಥ ಬಿರುಕು. ಹೊಸ ರಿಲೇಗೆ ಬಿದ್ದದ್ದು 280 ರೂಪಾಯಿ. ನಮ್ಮ ಹಳೆಯ ಇಸಿಎಂ ಮರಳಿ ಹಾಕಿಸಿ ಆಗುಂಬೆ ಘಾಟಿಯನ್ನು ಮೂರು ಸಲ ಹತ್ತಿ ಇಳಿದಾಯಿತು, ನಿಂತಿಲ್ಲ.

ಗುಜರಿಯವರು ಪೆಟ್ಟಿಗೆ ವಾಪಸು ತೆಗೆದುಕೊಳ್ಳುವುದಿಲ್ಲವಂತೆ. ಅದು ಈಗ ನಮ್ಮ ಅಟ್ಟದ ಮೇಲೆ, ಅಡಿಕೆ ಗೋಣಿಯ ಪಕ್ಕದಲ್ಲಿದೆ. ಯಾರಿಗಾದರೂ ಬೇಕಿದ್ದರೆ ಹೇಳಿ, ಲೇಬಲ್ಲಿನ ನಂಬರ್ ಕೊನೆಯ ಅಂಕಿಯವರೆಗೂ ಓದಿ ಹೇಳುತ್ತೇನೆ.