ಮಗಳಿಗೆ ಮನೆಯಲ್ಲೇ ಕನ್ನಡ ಓದು-ಬರಹ: ಅಜ್ಜಿಯ ಚೀಟಿ ಓದುವಷ್ಟಾದರೂ ಹೇಗೆ ಕಲಿಸಲಿ?

ಪುಣೆಯಲ್ಲಿರುವ ಗದಗಿನವಳು:

ನಾವಿರೋದು ಪುಣೆಯಲ್ಲಿ, ನನ್ನ ತವರು ಗದಗ. ಮಗಳಿಗೆ ಎಂಟು ವರ್ಷ, ಮೂರನೇ ಕ್ಲಾಸು. ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ ಕಲಿಸುತ್ತಾರೆ. ಮನೆಯಲ್ಲಿ ನಮ್ಮ ಕಡೆಯ ಕನ್ನಡ ಚೆನ್ನಾಗಿ ಮಾತಾಡುತ್ತಾಳೆ. ಆದರೆ ಕನ್ನಡದ ಒಂದಕ್ಷರವೂ ಓದಲು ಬರುವುದಿಲ್ಲ.

ದೀಪಾವಳಿಗೆ ನಮ್ಮವ್ವ ಊರಿಂದ ಡಬ್ಬಿ ಕಳಿಸಿದ್ದಳು. ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿಪುಡಿ. ಒಳಗೆ ಮೊಮ್ಮಗಳ ಹೆಸರಿಗೆ ಬರೆದ ಒಂದು ಚೀಟಿ ಇತ್ತು. ಮಗಳು ಅದನ್ನು ಎರಡು ಸಲ ತಿರುಗಿಸಿ ನೋಡಿದಳು. ಆಮೇಲೆ ನನ್ನ ಕೈಗಿಟ್ಟು "ನೀನೇ ಓದು" ಅಂದಳು. ನಾಲ್ಕೇ ಸಾಲು. ಓದುವಾಗ ನನಗೆ ಗಂಟಲು ಕಟ್ಟಿತು. ಅವ್ವ ಬರೆದದ್ದು ನನಗಲ್ಲ, ಅವಳಿಗೆ.

ಮರುದಿನದಿಂದಲೇ ಶುರು ಮಾಡಿದೆ. ಊರಿಂದ ತಂದಿದ್ದ ಅಂಕಲಿಪಿ ಇಟ್ಟುಕೊಂಡು ದಿನಕ್ಕೊಂದು ಪುಟ ತಿದ್ದಿಸಿದೆ. ಮೂರು ವಾರ ನಡೆಯಿತು. "ಙ" ಬಂದಾಗ "ಇದರಿಂದ ಯಾವ ಪದ ಆಗುತ್ತೆ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಪಾಟಿ ತೆಗೆದರೆ ಸಾಕು, ಹೊಟ್ಟೆ ನೋವು ಅಂತಾಳೆ. ಇನ್ನೊಂದು ತೊಂದರೆ, "ಮರ" ಅಂತ ಬರೆದು ತೋರಿಸಿದರೆ "ಮರ್" ಅಂತ ಓದುತ್ತಾಳೆ.

ಇಲ್ಲಿ ಹತ್ತಿರದಲ್ಲಿ ಕನ್ನಡ ಕ್ಲಾಸು ಇಲ್ಲ. ನಾನು ಟೀಚರ್ ಅಲ್ಲ. ಪಠ್ಯಕ್ರಮ ಅಂತ ಏನೂ ಇಲ್ಲದೆ ಮನೆಯಲ್ಲೇ ಕಲಿಸಿದವರು ಯಾರಾದರೂ ಇದ್ದೀರಾ?

ಇಬ್ಬರು ಮಕ್ಕಳ ಅಪ್ಪ, ಮುಂಬೈ:

ಅಕ್ಕಾ, ನಮ್ಮ ಮನೆಯಲ್ಲಿ ಕೆಲಸಕ್ಕೆ ಬಂದದ್ದು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್. ಆನ್‌ಲೈನಿನಲ್ಲಿ ಉಚಿತ. ಒಂದೇ ಕಥೆ ಬೇರೆ ಬೇರೆ ಭಾಷೆಗಳಲ್ಲಿ ಸಿಗುತ್ತದೆ. ಮಗ ಮೊದಲು ಮರಾಠಿಯಲ್ಲಿ ಓದುತ್ತಿದ್ದ, ಆಮೇಲೆ ಅದೇ ಚಿತ್ರಗಳ ಕೆಳಗೆ ಕನ್ನಡ. ಕಥೆ ಗೊತ್ತಿರುವುದರಿಂದ ಅರ್ಧ ಊಹೆ, ಅರ್ಧ ಓದು. ಮೊದಲನೇ ಹಂತದ ಕಥೆಗಳನ್ನೇ ಆರಿಸಿ, ಪುಟಕ್ಕೆ ಒಂದೋ ಎರಡೋ ಸಾಲು ಇರುತ್ತದೆ. ಕರ್ನಾಟಕದ ಸರ್ಕಾರಿ ಪಠ್ಯಪುಸ್ತಕಗಳನ್ನೂ ಸುಮ್ನೆ ಡೌನ್‌ಲೋಡ್ ಮಾಡಿಕೊಳ್ಳಬಹುದು.

ನಿವೃತ್ತ ಪ್ರಾಥಮಿಕ ಶಿಕ್ಷಕ, ಧಾರವಾಡ ಜಿಲ್ಲೆ:

ತಂಗೀ, ನಿಮ್ಮ ಮಗಳು ಅರ್ಧ ದಾರಿ ಬಂದಾಗಿದೆ. ಮರಾಠಿ ಓದುವ ಮಗುವಿಗೆ ಅಕ್ಷರಗಳ ಸಾಲು ಗೊತ್ತು. ಅವರು ಬಾರಾಖಡಿ ಅನ್ನುವುದು ನಮ್ಮ ಕಾಗುಣಿತವೇ. "ಳ" ಕೂಡ ಅವರಲ್ಲಿದೆ. ಅವಳು ಕಲಿಯಬೇಕಾದದ್ದು ಹೆಚ್ಚಾಗಿ ಹೊಸ ಆಕಾರಗಳನ್ನು. ಹಾಗಾಗಿ ಅ ದಿಂದ ಳ ವರೆಗೆ 49 ಅಕ್ಷರ ತಿದ್ದಿಸುವ ಕೆಲಸ ಇವತ್ತೇ ನಿಲ್ಲಿಸಿ. "ಙ" ಬಗ್ಗೆ ಅವಳು ಕೇಳಿದ ಪ್ರಶ್ನೆ ಸರಿಯಾಗಿಯೇ ಇದೆ.

ನಮ್ಮ ಸರ್ಕಾರಿ ಶಾಲೆಯ ಒಂದನೇ ತರಗತಿಯಲ್ಲಿ ನಾವು ಶುರು ಮಾಡುತ್ತಿದ್ದದ್ದು ರ, ಗ, ಸ, ದ, ಅ ಈ ಐದರಿಂದ. ಬರೆಯಲು ಸುಲಭ, ಐದೇ ಅಕ್ಷರದಲ್ಲಿ ಪದಗಳಾಗುತ್ತವೆ. ಸರ, ದರ, ಅರಸ, ಗರಗಸ. ಮೊದಲ ವಾರದಲ್ಲೇ ಮಗು "ಗರಗಸ" ಓದಿದಾಗ ಅದರ ಮುಖ ನೋಡಬೇಕು. ಮೂವತ್ತು ವರ್ಷ ನೋಡಿದ್ದೇನೆ, ನನಗೆ ಇನ್ನೂ ಬೇಸರ ಬಂದಿಲ್ಲ. ನಿಮಗಂತೂ ಇದರಲ್ಲಿ ಇನ್ನೊಂದು ಪದ ಇದೆ, ಗದಗ! ನಿಮ್ಮ ಊರಿನ ಹೆಸರಿಗೆ ಕೊಂಬಿಲ್ಲ, ಒತ್ತಿಲ್ಲ, ಇಳಿ ಇಲ್ಲ. ಮುಂದಿನ ಸಲ ರೈಲಿನಲ್ಲಿ ಹೋಗುವಾಗ ಸ್ಟೇಷನ್ನಿನ ಬೋರ್ಡು ತೋರಿಸಿ. ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಅದೇ ಹೆಸರು. ಹಿಂದಿಯಲ್ಲಿ ಓದಿ, ಕನ್ನಡದಲ್ಲಿ ಅಕ್ಷರ ಹುಡುಕಲಿ.

"ಮರ್" ಅಂತ ಓದುವುದು ತಪ್ಪಲ್ಲ, ಅಭ್ಯಾಸ. ಹಿಂದಿ, ಮರಾಠಿಯಲ್ಲಿ ಪದದ ಕೊನೆಯ ಅಕಾರ ನುಂಗುತ್ತಾರೆ. ಅದನ್ನೇ ಇಲ್ಲಿಗೂ ತಂದಿದ್ದಾಳೆ. ಬೈಯಬೇಡಿ. "ಬಸ್" ಮತ್ತು "ರಸ" ಪಕ್ಕ ಪಕ್ಕ ಬರೆದು ತೋರಿಸಿ. ಮೊದಲನೆಯದರಲ್ಲಿ ಸ ಮೇಲೆ ಕೊಕ್ಕೆ ಇದೆ, ಅಲ್ಲಿ ಉಸಿರು ನಿಲ್ಲಿಸಬೇಕು. ಕೊಕ್ಕೆ ಇಲ್ಲದಿದ್ದರೆ ಬಾಯಿ ಮುಚ್ಚಬಾರದು. ಇಷ್ಟು ಹೇಳಿದರೆ ಸಾಕು, ಅವಳೇ ಪತ್ತೆ ಹಚ್ಚುತ್ತಾಳೆ.

ಅವಳಿಗೆ ನಿಜವಾಗಿ ಹೊಸದು ಎ-ಏ, ಒ-ಓ ವ್ಯತ್ಯಾಸ. ದೇವನಾಗರಿಯಲ್ಲಿ ಬರೆಯುವಾಗ ಎರಡಕ್ಕೂ ಒಂದೇ ಗುರುತು. ಆದರೆ ಅವಳ ಕಿವಿಗೆ ವ್ಯತ್ಯಾಸ ಗೊತ್ತಿದೆ. ಬೆಳೆ ಅಂದರೆ ಹೊಲದಲ್ಲಿರುವುದು, ಬೇಳೆ ಅಂದರೆ ಡಬ್ಬಿಯಲ್ಲಿರುವುದು. ಕೊಡು, ಕೋಡು. ಅಡುಗೆಮನೆಯ ಡಬ್ಬಿಗಳಿಗೆ ಅವಳ ಕೈಯಿಂದಲೇ ಚೀಟಿ ಅಂಟಿಸಿ. ರವೆ, ಬೇಳೆ, ಜೀರಿಗೆ, ಸಾಸಿವೆ.

ಒತ್ತಕ್ಷರಕ್ಕೆ ಹೆದರಬೇಡಿ. ಅಪ್ಪ, ಅಮ್ಮ, ಅವ್ವ, ಅಕ್ಕ, ಅಣ್ಣ, ಅಜ್ಜ, ಅತ್ತೆ. ಮನೆಯವರೆಲ್ಲ ಒತ್ತಕ್ಷರದಲ್ಲೇ ಇದ್ದಾರೆ ಅಲ್ವಾ? ಪ, ಕ, ಜ ಗಳ ಒತ್ತು ನೋಡಿದರೆ ಅದೇ ಅಕ್ಷರ ಸಣ್ಣದಾಗಿ ಕೆಳಗೆ ಕೂತಂತೆ, ತಲೆಕಟ್ಟು ಇದ್ದರೆ ಅದು ಮಾತ್ರ ಇರುವುದಿಲ್ಲ. ರೂಪ ಬೇರೆ ಇರುವವು ತ, ನ, ಮ, ಯ, ರ, ಲ. ಈ ಆರನ್ನು ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ.

ಒಂದು ಮಾತು ಬಹಳ ಮುಖ್ಯ. ಅವಳು ಬರೆಯಲು ಶುರು ಮಾಡಿದಾಗ ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. "ಅಜ್ಜಿ ಬಂದಾಳ" ಅಂತ ಹೇಳಿದರೆ "ಬಂದಾಳ" ಅಂತಲೇ ಬರೆಯಲಿ. "ಬಂದಿದ್ದಾಳೆ" ಆಮೇಲೆ ಕಥೆ ಓದುತ್ತಾ ತಾನಾಗಿ ಬರುತ್ತದೆ. ಮನೆಯ ಮಾತು ತಪ್ಪು ಅಂತ ಮಗುವಿಗೆ ಒಮ್ಮೆ ಅನಿಸಿದರೆ ಬರೆಯುವ ಕೈಯೂ ನಿಲ್ಲುತ್ತದೆ, ಕೆಲವು ಸಲ ಮಾತೂ ನಿಲ್ಲುತ್ತದೆ. ತರಗತಿಯಲ್ಲಿ ಆ ತಪ್ಪನ್ನು ನಾನೇ ಮಾಡಿದ್ದೇನೆ. ಮೊದಲ ವರ್ಷಗಳಲ್ಲಿ ಕೆಂಪು ಶಾಯಿಯಿಂದ ಎಷ್ಟೋ "ಐತಿ"ಗಳನ್ನು "ಇದೆ" ಮಾಡಿದೆ. ಆ ಮಕ್ಕಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ದಿನಕ್ಕೆ ಹದಿನೈದು ನಿಮಿಷ ಸಾಕು. ಜಾಸ್ತಿ ಬೇಡ.

ಗೃಹಿಣಿ, ಶಿವಮೊಗ್ಗ:

ಗುರುಗಳು ಹೇಳಿದ್ದು ಸರಿ. ನನ್ನದೊಂದು ಸೇರಿಸುತ್ತೇನೆ. ಓದು ಸ್ವಲ್ಪ ಬಂದ ಮೇಲೆ ಒಗಟು ಬರೆದು ದಿಂಬಿನ ಕೆಳಗಿಡಿ. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ" ಅಂತ ಬರೆದಿಟ್ಟಿದ್ದೆ. ನನ್ನ ಮಗ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಓದಿ, ಹಿತ್ತಲಿಗೆ ಹೋಗಿ ಒಂದು ಮಲ್ಲಿಗೆ ತಂದು ಕೈಗೆ ಕೊಟ್ಟ. "ತರೀಕೆರೆ ಏರಿ ಮೇಲೆ ಮೂರು ಕರಿ ಕುರಿ ಮರಿ" ಕೂಡ ಚೆನ್ನಾಗಿರುತ್ತದೆ, ಕೊಂಬು, ಗುಡಿಸು ಎಲ್ಲ ಅದರಲ್ಲೇ ಬಂದುಬಿಡುತ್ತವೆ.

ಪುಣೆಯಲ್ಲಿರುವ ಗದಗಿನವಳು:

ಗುರುಗಳೇ, ಎರಡು ತಿಂಗಳಾಯಿತು. ಸಂಕ್ರಾಂತಿಗೆ ಊರಿಗೆ ಹೋಗಿದ್ದೆವು, ಅದಕ್ಕೇ ಬರೆಯುತ್ತಿದ್ದೇನೆ.

ರೈಲಿನಲ್ಲಿ ಬೆಳಗಾವಿ ದಾಟಿದ ಮೇಲೆ ಮಗಳು ಕಿಟಕಿ ಬಿಟ್ಟು ಏಳಲಿಲ್ಲ. ಧಾರವಾಡದಲ್ಲಿ "ಧ" ಸಿಕ್ಕಿತು. ಹುಬ್ಬಳ್ಳಿಯಲ್ಲಿ ಎರಡು ಒತ್ತು ನೋಡಿ ಬೆರಳು ಮಡಚಿ ಎಣಿಸಿದಳು. ಅಣ್ಣಿಗೇರಿ ಅರ್ಧ ಓದುವಷ್ಟರಲ್ಲಿ ರೈಲು ಹೊರಟುಬಿಟ್ಟಿತು. ಗದಗ ಬಂತು. ಬೋರ್ಡಿನ ಮೇಲಿನ ಸಾಲನ್ನೇ ನೋಡಿ, ಕೊನೆಯ ಗ ಅನ್ನು ಉದ್ದಕ್ಕೆ ಎಳೆದು "ಗದಗಾ" ಅಂದಳು. ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ ನಮ್ಮಪ್ಪನಿಗೆ ಕೇಳಿಸುವಷ್ಟು ಜೋರಾಗಿ.

ಮೊನ್ನೆ ಮೊದಲ ಸಲ ಅಜ್ಜಿಗೆ ತಾನೇ ಚೀಟಿ ಬರೆದಳು. "ಅಜ್ಜಿ ಚಟ್ನಿ ಖಾರ ಐತಿ. ಹೋಳಿಗಿ ಕಳಸು." ನಾನು ಒಂದಕ್ಷರವೂ ತಿದ್ದಲಿಲ್ಲ. ಅವ್ವ ಅದನ್ನು ದೇವರ ಮಾಡದಲ್ಲಿ ಇಟ್ಟಿದ್ದಾಳಂತೆ.

ಈಗ ಒಂದೇ ಕಡೆ ಸಿಕ್ಕಿಬಿದ್ದಿದ್ದೇವೆ. ಅರ್ಕಾವೊತ್ತು. "ಸೂರ್ಯ" ಅನ್ನೋದನ್ನು "ಸೂಯ್ರ" ಅಂತ ಓದುತ್ತಾಳೆ.

ನಿವೃತ್ತ ಪ್ರಾಥಮಿಕ ಶಿಕ್ಷಕ, ಧಾರವಾಡ ಜಿಲ್ಲೆ:

ತಂಗೀ, ಓದಿ ಮನಸ್ಸು ತುಂಬಿತು. ನಿಮ್ಮ ಅವ್ವನಿಗೆ ನನ್ನ ನಮಸ್ಕಾರ ತಿಳಿಸಿ.

ಅರ್ಕಾವೊತ್ತಿಗೂ ಮರಾಠಿಯೇ ನೆರವಿಗೆ ಬರುತ್ತದೆ. ಅವರು ರಫಾರ್ ಅನ್ನುವುದು ಇದನ್ನೇ. ಅಲ್ಲೂ ಮೊದಲು ಉಚ್ಚರಿಸುವ ರ್, ಮುಂದಿನ ಅಕ್ಷರದ ತಲೆಯ ಮೇಲೆ ಹೋಗಿ ಕೂರುತ್ತದೆ. ನಮ್ಮಲ್ಲಿ ಅದು ತಲೆಯಿಂದ ಇಳಿದು ಬಲಗಡೆ ಕೂತಿದೆ. "ಸೂರ್ಯ" ಎರಡೂ ಲಿಪಿಯಲ್ಲಿ ಒಂದರ ಕೆಳಗೊಂದು ಬರೆದು, ಆ ರ್ ಎಲ್ಲಿದೆ ಅಂತ ಎರಡರಲ್ಲೂ ಬೆರಳಿಟ್ಟು ತೋರಿಸಲು ಹೇಳಿ. ಆಮೇಲೆ ಬೆರಳು ಅಲ್ಲಿಂದ ಒಂದಕ್ಷರ ಹಿಂದೆ ಜಿಗಿಯಲಿ, ಆಗ ಓದಲಿ. ಸೂರ್ಯ ಆದ ಮೇಲೆ ಕಾರ್ತಿಕ, ಬರ್ಫಿ, ಕುರ್ಚಿ.