‘ಇವತ್ತೇ ಬಿಸಾಡಿ’ ಅಂತ ಬಂದ ಫಾರ್ವರ್ಡ್

ಭಾನುವಾರ ಬೆಳಿಗ್ಗೆ ಚಿಕ್ಕಪ್ಪ ನಮ್ಮ ಮನೆ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು.

“ಎಲ್ಲರೂ ಓದಲೇಬೇಕು! ನಿದ್ದೆ ಮಾತ್ರೆ, ನೋವಿನ ಮಾತ್ರೆ ಎಲ್ಲವೂ ಡ್ರಗ್ಸ್! ಇವನ್ನು ತಿಂದು ಅಮೆರಿಕದಲ್ಲಿ ಒಂದೇ ವರ್ಷಕ್ಕೆ ಒಂದು ಲಕ್ಷ ಜನ ಸತ್ತಿದ್ದಾರೆ! ಮನೆಯಲ್ಲಿ ಇದ್ದರೆ ಇವತ್ತೇ ಬಿಸಾಡಿ! ಮಾರುವವರನ್ನು ನೇಣಿಗೆ ಹಾಕಬೇಕು! 10 ಗುಂಪಿಗೆ ಕಳಿಸಿ!”

ಕೆಳಗೆ ತಮ್ಮದೇ ಒಂದು ಸಾಲು ಸೇರಿಸಿದ್ದರು: “ಹಾಸ್ಟೆಲಿನಲ್ಲಿ ಇರುವ ಮಕ್ಕಳು ಗಮನಿಸಿ.” ಅವರ ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಅಪ್ಪನಾದವರಿಗೆ ಆ ಹೆದರಿಕೆ ಇರುವುದು ಸಹಜ.

ಲಾಯರ್ ಅಣ್ಣ: ಚಿಕ್ಕಪ್ಪ, ಇದು ಎಲ್ಲಿಂದ ಬಂತು? ಯಾರು ಹೇಳಿದ್ದು? ಯಾವ ವರ್ಷದ ಲೆಕ್ಕ?

ಚಿಕ್ಕಪ್ಪ: ಒಳ್ಳೆಯ ವಿಷಯ ಅಂತ ಹಾಕಿದೆ. ನಿನಗೆ ಎಲ್ಲದಕ್ಕೂ ಸಾಕ್ಷಿ ಬೇಕು.

ಲಾಯರ್ ಅಣ್ಣ: ಲಕ್ಷ ಜನ ಸತ್ತರು ಅಂದಮೇಲೆ ಕೇಳಬೇಕಲ್ವಾ?

ಚಿಕ್ಕಪ್ಪ: ತೋಟ ಭಾಗ ಮಾಡುವಾಗ ಅಳತೆ ಸರಿ ಇದೆಯಾ ಅಂತ ನಾನೂ ಕೇಳಿದ್ದೆ. ನಿಮ್ಮಪ್ಪ ಸುಮ್ಮನಿರು ಅಂದರು. ಆಗ ನೀನು ಸಾಕ್ಷಿ ಕೇಳಲಿಲ್ಲ.

ದೊಡ್ಡಪ್ಪ: ಇಲ್ಲಿ ತೋಟದ ಮಾತು ಬೇಡ. ಮನೆಯಲ್ಲಿ ಸಂಸ್ಕಾರ ಇದ್ದರೆ ಮಕ್ಕಳು ದಾರಿ ತಪ್ಪುವುದಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಮೈಮುರಿದು ದುಡಿಯುವವನಿಗೆ ನಿದ್ದೆ ಮಾತ್ರೆ ಯಾಕೆ? ನಾನು ಮೇಷ್ಟ್ರಾಗಿದ್ದಷ್ಟು ಕಾಲ ಮಕ್ಕಳಿಗೆ ಇದನ್ನೇ ಹೇಳಿದೆ.

ಭಾವ: ದೊಡ್ಡಮಾವ, ನಮ್ಮೂರ ಡಾಕ್ಟರ ಮಿಕ್ಸ್ಚರ್ ನೆನಪಿದೆಯಾ? ಮನೆಯಿಂದಲೇ ಸೀಸೆ ತೊಳೆದು ತೆಗೆದುಕೊಂಡು ಹೋಗಬೇಕಿತ್ತು. ಕಾಂಪೌಂಡರ್ ಕೆಂಪು ನೀರು ತುಂಬಿ, ಅಳತೆಗೆ ಅಂತ ಕಾಗದದ ಪಟ್ಟಿ ಕತ್ತರಿಸಿ ಅಂಟಿಸುತ್ತಿದ್ದರು.

ಅಲ್ಲಿಂದ ಮಾತೆಲ್ಲ ಮಿಕ್ಸ್ಚರ್ ಕಡೆಗೇ ಹೋಯಿತು. ಅದು ಕೆಂಪಗಿತ್ತೋ ಗುಲಾಬಿ ಬಣ್ಣವೋ, ಕಾಂಪೌಂಡರ್ ಮಗ ಈಗ ಎಲ್ಲಿದ್ದಾನೆ, ಯಾರು ಕುಡಿಯದೆ ಬಾಳೆಗಿಡಕ್ಕೆ ಸುರಿಯುತ್ತಿದ್ದರು, ಹೀಗೇ ಮಧ್ಯಾಹ್ನವಾಯಿತು. ಹಾಸನದ ಮೆಡಿಕಲ್ ಶಾಪಿನಲ್ಲಿ ನಾನು ಫಾರ್ಮಸಿಸ್ಟ್. ದೊಡ್ಡಪ್ಪನ ಮಾತಿಗೆ ಉತ್ತರ ಕೊಡಬೇಕು ಅನ್ನಿಸುತ್ತಿತ್ತು. ನಿದ್ದೆ ಮಾತ್ರೆ ಕೇಳಿಕೊಂಡು ನಮ್ಮ ಅಂಗಡಿಗೆ ಬರುವವರಲ್ಲಿ ಅರವತ್ತು ದಾಟಿದವರೇ ಜಾಸ್ತಿ. ಗಂಡ ತೀರಿಕೊಂಡವರು, ಮಕ್ಕಳು ದೂರ ಹೋದವರು, ಜೀವನವಿಡೀ ಐದಕ್ಕೇ ಎದ್ದವರು. ಅವರಿಗೆ ಸಂಸ್ಕಾರ ಕಡಿಮೆಯಾಗಿದೆ ಅನ್ನುವುದು ಅನ್ಯಾಯ.

ಸಂಜೆ, ಅಮೆರಿಕದಲ್ಲಿರುವ ಡಲ್ಲಾಸ್ ಅಕ್ಕ ಎದ್ದು ಎಲ್ಲವನ್ನೂ ಓದಿ ಉದ್ದಕ್ಕೆ ಬರೆದಳು.

ಡಲ್ಲಾಸ್ ಅಕ್ಕ: ಲೆಕ್ಕ ಸುಳ್ಳಲ್ಲ. 2021ರಲ್ಲಿ ಇಲ್ಲಿ ಓವರ್‌ಡೋಸಿನಿಂದ ಸತ್ತವರು ಒಂದು ಲಕ್ಷ ದಾಟಿದ್ದರು. ಆದರೆ ಸುಮಾರು ಮೂರರಲ್ಲಿ ಎರಡು ಪಾಲು ಸಾವುಗಳಲ್ಲಿ ಇದ್ದದ್ದು ಫೆಂಟನಿಲ್‌ನಂಥ ತುಂಬಾ ತೀಕ್ಷ್ಣವಾದ ನೋವಿನ ಔಷಧ, ಹೆಚ್ಚಾಗಿ ಕಳ್ಳದಾರಿಯಲ್ಲಿ ತಯಾರಾದದ್ದು. ಶುರುವಾದದ್ದು ಮಾತ್ರ ಡಾಕ್ಟರ್ ಬರೆದ ಮಾತ್ರೆಯಿಂದಲೇ. ಪರ್ಡ್ಯೂ ಅನ್ನುವ ಕಂಪನಿ 1996ರಲ್ಲಿ ಆಕ್ಸಿಕಾಂಟಿನ್ ಅನ್ನುವ ನೋವಿನ ಮಾತ್ರೆಯನ್ನು ಮಾರಾಟಕ್ಕೆ ತಂದಿತು. ಇದರಿಂದ ಚಟ ಹತ್ತುವುದು ಅಪರೂಪ ಅಂತ ಡಾಕ್ಟರುಗಳಿಗೆ ಹೇಳಿಕೊಟ್ಟರು. 2007ರಲ್ಲಿ ಅದೇ ಸಮೂಹದ ಕಂಪನಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು.

ಲಾಯರ್ ಅಣ್ಣ: ಡಾಕ್ಟರುಗಳು ನಂಬಿದ್ದು ಹೇಗೆ?

ಡಲ್ಲಾಸ್ ಅಕ್ಕ: 1980ರಲ್ಲಿ ಇಲ್ಲಿನ ದೊಡ್ಡ ವೈದ್ಯ ಪತ್ರಿಕೆಯಲ್ಲಿ ಐದೇ ವಾಕ್ಯದ ಒಂದು ಪತ್ರ ಬಂದಿತ್ತು. ಆಸ್ಪತ್ರೆಯಲ್ಲಿ ಇಂಥ ಔಷಧ ಪಡೆದ 11,882 ರೋಗಿಗಳಲ್ಲಿ ನಾಲ್ವರಿಗೆ ಮಾತ್ರ ಚಟ ಹತ್ತಿದ್ದು ಕಂಡಿತು ಅಂತ. ಅವರೆಲ್ಲ ಆಸ್ಪತ್ರೆಯ ಮಂಚದ ಮೇಲೆ, ನರ್ಸ್ ಕಣ್ಣೆದುರು ಇದ್ದವರು. ತಿಂಗಳುಗಟ್ಟಲೆ ಮನೆಗೆ ಮಾತ್ರೆ ಒಯ್ದವರಲ್ಲ. 2017ರಲ್ಲಿ ಒಂದು ತಂಡ ಲೆಕ್ಕ ಹಾಕಿದಾಗ, ಆ ಪತ್ರವನ್ನು 608 ಕಡೆ ಉಲ್ಲೇಖಿಸಿದ್ದರು. ರೋಗಿಗಳು ಆಸ್ಪತ್ರೆಯಲ್ಲಿದ್ದವರು ಅನ್ನುವ ವಿಷಯವನ್ನು ಅವುಗಳಲ್ಲಿ ಶೇ. 80ಕ್ಕೂ ಹೆಚ್ಚು ಕಡೆ ಬಿಟ್ಟೇ ಬಿಟ್ಟಿದ್ದರು.

ಇದನ್ನು ನಾನು ಮತ್ತೆ ಮತ್ತೆ ಓದಿದೆ. ಓದಿದವರು, ದೊಡ್ಡ ದೊಡ್ಡ ಡಾಕ್ಟರುಗಳೇ ಐದು ವಾಕ್ಯವನ್ನು ಪೂರ್ತಿ ನೋಡದೆ ಮುಂದಕ್ಕೆ ದಾಟಿಸಿದರು. ಆಮೇಲೆ ಆದ ಅನಾಹುತವೂ ದೊಡ್ಡದೇ. ಮಾತ್ರೆಯ ಮೇಲೆ ಬಿಗಿ ಬಂದಾಗ ಅದಕ್ಕೆ ಒಗ್ಗಿಹೋಗಿದ್ದ ಎಷ್ಟೋ ಜನ ಹೆರಾಯಿನ್ ಕಡೆ ಹೋದರು. ಆಮೇಲೆ ಫೆಂಟನಿಲ್ ಬಂತು. ಕೊಡುವಾಗ ಕೈಬಿಚ್ಚಿ ಕೊಟ್ಟು, ಆಮೇಲೆ ದಿಢೀರನೆ ಕಿತ್ತುಕೊಂಡರೆ ಜನ ಸಾಯುತ್ತಾರೆ. ಅಮೆರಿಕದಿಂದ ನಾವು ಕಲಿಯಬೇಕಾದದ್ದು ಇದು. ಅಕ್ಕನ ಮಾತಿಗೆ ಯಾರೂ ಉತ್ತರಿಸಲಿಲ್ಲ. ಅವಳಿಗೆ ಹಲ್ಲು ಕೀಳಿಸಿದಾಗ ಇದೇ ಥರದ ಮಾತ್ರೆ ಕೊಟ್ಟಿದ್ದರಲ್ವಾ ಎಂದು ಭಾವ ಕೇಳಿದರು. ಅವಳ ಮದುವೆ ಊಟದ ನೆನಪು ಬಂತು. ಅಷ್ಟಕ್ಕೇ ಮುಗಿಯಿತು.

ಸೋಮವಾರ ರಾತ್ರಿ ಅತ್ತೆ ಬರೆದರು. ಅವರು ಗುಂಪಿನಲ್ಲಿ ಮಾತಾಡುವುದೇ ಕಡಿಮೆ.

ಅತ್ತೆ: ನಾನು ನಿನ್ನೆಯೇ ಮಾತ್ರೆಯ ಸ್ಟ್ರಿಪ್ ಪೂರಾ ಬಿಸಾಡಿದೆ. ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ, ಇವತ್ತೂ ನಿದ್ದೆ ಇಲ್ಲ. ಕೈ ನಡುಗುತ್ತಿದೆ, ಎದೆ ಹೊಡೆದುಕೊಳ್ಳುತ್ತಿದೆ. ಇದು ಎಷ್ಟು ದಿನ ಇರುತ್ತದೆ?

ನಾನು ಕೂಡಲೇ ಫೋನ್ ಮಾಡಿದೆ. ಮಾವ ತೀರಿಕೊಂಡಾಗ ಬರೆದುಕೊಟ್ಟ ಆಲ್ಪ್ರಜೋಲಾಮ್ ಅನ್ನುವ ನಿದ್ದೆ ಮಾತ್ರೆ ಅದು. ಡಾಕ್ಟರ್ ಎರಡು ವಾರಕ್ಕೆ ಅಂತ ಬರೆದದ್ದು ವರ್ಷಗಟ್ಟಲೆ ನಡೆದಿತ್ತು. ಅತ್ತೆಯನ್ನು ಆ ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಭಾವನಿಗೆ ಹೇಳಿ, ಗುಂಪಿಗೂ ಬರೆದೆ.

ನಾನು: ದಯವಿಟ್ಟು ಎಲ್ಲರೂ ಓದಿ. ತುಂಬಾ ಕಾಲದಿಂದ ನಿದ್ದೆ ಮಾತ್ರೆ ತೆಗೆದುಕೊಳ್ಳುವವರು ದಿಢೀರನೆ ನಿಲ್ಲಿಸಬಾರದು. ನಡುಕ, ಗಾಬರಿ ಬರುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಡಾಕ್ಟರ್ ಹೇಳಿದ ಹಾಗೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ದೇಹ ಮಾತ್ರೆಗೆ ಒಗ್ಗಿದೆ ಅಂದರೆ ಆ ಮನುಷ್ಯ ಕೆಟ್ಟವನು ಅಂತ ಅರ್ಥವಲ್ಲ.

ಚಿಕ್ಕಪ್ಪ: ಅಕ್ಕ ಇದನ್ನು ತೆಗೆದುಕೊಳ್ಳುತ್ತಾಳೆ ಅಂತ ನನಗೆ ಯಾರು ಹೇಳಿದರು? ಚೀಟಿ ಇಲ್ಲದೆ ಇಷ್ಟು ವರ್ಷ ತಂದುಕೊಟ್ಟವರು ಯಾರು?

ಭಾವ: ನಾನೇ. ಗುರುತಿನ ಅಂಗಡಿ, ಕೇಳಿದರೆ ಕೊಡುತ್ತಿದ್ದರು. ಅಮ್ಮ ನಿದ್ದೆ ಇಲ್ಲದೆ ಕೂತಿರುವುದನ್ನು ನೋಡಲು ಆಗುತ್ತಿರಲಿಲ್ಲ. ನೀವು ಯಾರಾದರೂ ಒಂದು ರಾತ್ರಿ ಬಂದು ಜೊತೆಗೆ ಇದ್ದಿರಾ?

ದೊಡ್ಡಪ್ಪ: ಮಾತು ಸರಿಯಾಗಿ ಆಡು.

ಲಾಯರ್ ಅಣ್ಣ: ಅಂಗಡಿಯವನದ್ದು ತಪ್ಪು. ಮಾರುವವರಿಗೆ ನೇಣು ಅನ್ನುವುದೂ ಸುಮ್ನೆ ಮಾತು. ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಮರಣದಂಡನೆ ಇರುವುದು ದೊಡ್ಡ ಪ್ರಮಾಣದಲ್ಲಿ ಸಿಕ್ಕಿಬಿದ್ದು, ಹಿಂದೆಯೂ ಅಂಥದ್ದೇ ಶಿಕ್ಷೆ ಆದವರ ಕೆಲವು ಪ್ರಕರಣಗಳಿಗೆ ಮಾತ್ರ. 2014ರ ತಿದ್ದುಪಡಿಯಾದ ಮೇಲೆ ಅದೂ ಕಡ್ಡಾಯವಲ್ಲ. ಚಟ ಹತ್ತಿದವನು ತಾನಾಗಿ ಚಿಕಿತ್ಸೆಗೆ ಬಂದರೆ, ಸಣ್ಣ ಪ್ರಮಾಣದ ಕೇಸಿನಿಂದ ರಕ್ಷಣೆ ಕೊಡುವ 64ಎ ಸೆಕ್ಷನ್ನೂ ಅದೇ ಕಾಯ್ದೆಯಲ್ಲಿದೆ. ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ನಾನು: ಅಣ್ಣ ಹೇಳಿದ್ದು ಸರಿ. ಆಲ್ಪ್ರಜೋಲಾಮ್, ನೋವಿನ ಮಾತ್ರೆ ಟ್ರಮಡಾಲ್ ಎಲ್ಲವೂ ಶೆಡ್ಯೂಲ್ ಎಚ್1 ಅನ್ನುವ ಬಿಗಿ ನಿಯಮದ ಔಷಧಪಟ್ಟಿಯಲ್ಲಿವೆ. 2014ರ ಮಾರ್ಚಿನಿಂದ ಈ ನಿಯಮ ಇದೆ. ಚೀಟಿ ನೋಡಿಯೇ ಕೊಡಬೇಕು. ಡಾಕ್ಟರ್ ಹೆಸರು, ರೋಗಿಯ ಹೆಸರು, ಮಾತ್ರೆ, ಎಷ್ಟು ಕೊಟ್ಟೆವು ಅಂತ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಹೊಸ ಕಾನೂನು ಬೇಕಿಲ್ಲ. ಈ ರಿಜಿಸ್ಟರನ್ನು ಎಲ್ಲ ಅಂಗಡಿಯಲ್ಲೂ ಪ್ರಾಮಾಣಿಕವಾಗಿ ಬರೆದು, ತಪಾಸಣೆಗೆ ಬಂದವರು ತೆರೆದು ನೋಡಿದರೆ ಸಾಕು. ಏಮ್ಸ್ ನಡೆಸಿದ, 2019ರಲ್ಲಿ ಬಂದ ಸಮೀಕ್ಷೆಯ ಪ್ರಕಾರ ವೈದ್ಯರ ಸಲಹೆ ಇಲ್ಲದೆ ನಿದ್ದೆ, ಅಮಲಿನ ಮಾತ್ರೆ ಬಳಸುವವರು ದೇಶದಲ್ಲಿ ಸುಮಾರು 1.18 ಕೋಟಿ. ಅಷ್ಟು ಜನರನ್ನು ಜೈಲಿಗೆ ಹಾಕುತ್ತೀರಾ?

ಚಿಕ್ಕಪ್ಪ: ನಾನು ಮಕ್ಕಳ ಒಳ್ಳೆಯದಕ್ಕೆ ಹೇಳಿದೆ. ಎಲ್ಲರೂ ನನ್ನ ಮೇಲೇ ಬೀಳುತ್ತಿದ್ದೀರಿ. ಬಿಗಿ ಮಾಡಿದರೆ ಏನು ನಷ್ಟ?

ಅದಕ್ಕೆ ಉತ್ತರ ಕೊಟ್ಟವರು ಅತ್ತೆ. ಆಸ್ಪತ್ರೆಯಿಂದ ಬಂದು ಮಲಗಿದ್ದವರು, ಮಂಗಳವಾರ ಬೆಳಿಗ್ಗೆ.

ಅತ್ತೆ: ನಷ್ಟ ಏನು ಅಂತ ನಿನಗೆ ಗೊತ್ತಿಲ್ಲವಾ? ಅಪ್ಪನಿಗೆ ಕ್ಯಾನ್ಸರ್ ಎಲುಬಿಗೆ ಇಳಿದಾಗ ಡಾಕ್ಟರ್ ನೋವಿಗೆ ಮಾರ್ಫಿನ್ ಬರೆದರು. ಚಟ ಹತ್ತುತ್ತದೆ, ಬೇಡ ಅಂತ ಚೀಟಿ ತಂದು ಮೇಜಿನ ಮೇಲೆ ಇಟ್ಟವನು ನೀನು. ಅಣ್ಣನೂ ಹೂಂ ಅಂದ. ಅಪ್ಪ ಕೊನೆಯವರೆಗೂ ಕೂಗಿಕೊಂಡೇ ಹೋದರು. ಬದುಕೇ ಉಳಿದಿಲ್ಲದವರಿಗೆ ಚಟದ ಭಯ ಯಾಕೆ ಅಂತ ಆಗ ನನಗೆ ಕೇಳಲು ಬಾಯಿ ಬರಲಿಲ್ಲ.

ಇಷ್ಟು ವರ್ಷ ಈ ಮಾತು ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ದೊಡ್ಡಪ್ಪ ಏನೋ ಟೈಪ್ ಮಾಡಲು ಶುರುಮಾಡಿ ನಿಲ್ಲಿಸಿದರು.

ನನಗೆ ಔಷಧ ನೀತಿಯ ಚರ್ಚೆಯಲ್ಲಿ ಎಲ್ಲಕ್ಕಿಂತ ನೋವು ತರುವುದು ಇದೇ. ನಮ್ಮ ದೇಶದಲ್ಲಿ ಎನ್‌ಡಿಪಿಎಸ್ ಕಾಯ್ದೆ 1985ರಲ್ಲಿ ಬಂತು. ಮಾರ್ಫಿನ್ ಇಟ್ಟುಕೊಳ್ಳಲು ಆಸ್ಪತ್ರೆಗಳಿಗೆ ಹಲವು ಲೈಸೆನ್ಸ್ ಬೇಕಾಗುತ್ತಿತ್ತು. ಆ ತೊಂದರೆಗೆ ಹೆದರಿ ಎಷ್ಟೋ ಕಡೆ ತರಿಸುವುದನ್ನೇ ಬಿಟ್ಟರು. 2014ರ ತಿದ್ದುಪಡಿ ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿ ಆರು ಔಷಧಗಳಿಗೆ ಆ ದಾರಿಯನ್ನು ಸುಲಭ ಮಾಡಿತು. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ, ನೋವಿಗೆ ಮಾರ್ಫಿನ್ ಕೊಡುತ್ತಾರೆ. ಮನೆಯವರ ಹೆದರಿಕೆಯನ್ನು ಮಾತ್ರ ತಿದ್ದುಪಡಿ ಕಳೆಯಲಾರದು. “ಎಲ್ಲವೂ ಡ್ರಗ್ಸ್” ಅನ್ನುವ ಒಂದೊಂದು ಫಾರ್ವರ್ಡೂ ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ.

ಮಧ್ಯಾಹ್ನದ ಹೊತ್ತಿಗೆ ಚಿಕ್ಕಪ್ಪ ನನಗೆ ಬೇರೆಯಾಗಿ ಮೆಸೇಜ್ ಮಾಡಿದರು. ಅದನ್ನು ಇನ್ನೂ ನಾಲ್ಕು ಗುಂಪಿಗೆ ಹಾಕಿದ್ದೇನೆ, ಈಗ ಅಳಿಸಲು ಬರುತ್ತಿಲ್ಲ, ಏನು ಮಾಡಲಿ ಎಂದರು. ಅವರ ಮೇಲೆ ನನಗಿದ್ದ ಸಿಟ್ಟು ಅರ್ಧ ಇಳಿಯಿತು. ಹೀಗೆ ಬರೆದುಕೊಟ್ಟೆ: “ಭಾನುವಾರ ನಾನು ಹಾಕಿದ್ದನ್ನು ನಂಬಿ ಮಾತ್ರೆ ಬಿಸಾಡಬೇಡಿ. ನಿದ್ದೆ ಮಾತ್ರೆ, ನೋವಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಚಟ ಬಿಡಲು ಸಹಾಯ ಬೇಕಾದವರು 14446ಕ್ಕೆ ಫೋನ್ ಮಾಡಿ.” ಅವರು ಅದನ್ನು ನಾಲ್ಕೂ ಗುಂಪಿಗೆ, ಆಮೇಲೆ ನಮ್ಮ ಗುಂಪಿಗೂ ಹಾಕಿದರು. ಅತ್ತೆಗೆ ಏನೂ ಬರೆಯಲಿಲ್ಲ. ಅತ್ತೆಯೂ ಕೇಳಲಿಲ್ಲ.

ಗುರುವಾರ ಅತ್ತೆಯನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಡಾಕ್ಟರ್ ಬೈಯಲಿಲ್ಲ. ಮಾತ್ರೆಯನ್ನು ವಾರ ವಾರಕ್ಕೆ ಎಷ್ಟು ಇಳಿಸಬೇಕು ಅಂತ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಪೂರ್ತಿ ಬಿಡಲು ಕೆಲವು ತಿಂಗಳು ಹಿಡಿಯುತ್ತದಂತೆ. ಭಾವ ಆ ಚೀಟಿ ತೆಗೆದುಕೊಂಡು ನಮ್ಮ ಅಂಗಡಿಗೇ ಬಂದರು. ಅತ್ತೆಯ ಹೆಸರು, ಡಾಕ್ಟರ ಹೆಸರು, ಮಾತ್ರೆಯ ಲೆಕ್ಕ ರಿಜಿಸ್ಟರಿನಲ್ಲಿ ಬರೆದುಕೊಂಡು ಕೊಟ್ಟೆ.